ಬೆಕ್ಕಿನಮರಿ ಡಾಲ್ಫಿನ್ ಆದ ಕಥೆ

ಚಪ್ಪಟೆ ಡಬ್ಬದಲ್ಲಿ ಬರೋ ಫರ್ನಿಚರ್ ನಿಮಗೆಲ್ಲ ಗೊತ್ತು. ಬುಕ್‌ಶೆಲ್ಫ್ ಅಂತ ಆರ್ಡರ್ ಮಾಡಿರ್ತೀವಿ, ಬಂದಿದ್ದು ಎಂಟು ಹಲಗೆ, ಒಂದು ಪೊಟ್ಟಣ ಸ್ಕ್ರೂ, ಒಂದು ಕಾಗದ. ಭಾನುವಾರ ಇಡೀ ಕೂತು ಜೋಡಿಸಿ ಎದ್ದಾಗ ಎರಡು ಸ್ಕ್ರೂ ಕೈಯಲ್ಲೇ ಉಳಿದಿರ್ತವೆ. ಈಗ ಬುಕ್‌ಶೆಲ್ಫಿನ ಜಾಗದಲ್ಲಿ ಒಂದು ಕಾರು ಇಟ್ಟು ನೋಡಿ. ಚಾಸಿ ಒಂದು ಕಡೆ, ಬಾಡಿ ಒಂದು ಕಡೆ, ಎಂಜಿನ್ನು ಹಳೇ ಕಾರಿನದು, ಜೋಡಿಸೋದು ನೀವೇ, ನಿಮ್ಮನೆ ಶೆಡ್ಡಿನಲ್ಲೇ. ಇದಕ್ಕೆ ಕಿಟ್ ಕಾರು ಅಂತಾರೆ. ಬ್ರಿಟನ್ನಿನಲ್ಲಿ ಒಂದು ಕಾಲಕ್ಕೆ ಸಾವಿರಾರು ಜನ ಹೀಗೆ ಕಾರು ಕಟ್ಟಿಕೊಂಡಿದ್ದಾರೆ.

ನಾನು ಕಾರಿನ ಹುಚ್ಚಿರೋನಲ್ಲ. ಬೆಂಗಳೂರಿನಲ್ಲಿ ಕೋಡ್ ಬರೀತೀನಿ, ಮೆಟ್ರೋದಲ್ಲಿ ಓಡಾಡ್ತೀನಿ. ಆದ್ರೂ ಹೋದ ವರ್ಷ ಎರಡು ತಿಂಗಳು ಆಫೀಸು ಮುಗಿಸಿ ಬಂದು ಈ ಕಾರುಗಳ ಚರಿತ್ರೆ ಓದಿದೆ. ಕಾರಣ ಆರು ಲಕ್ಷ ರೂಪಾಯಿ. ವಿಜಯಪುರದಲ್ಲಿ ನಮ್ಮ ಕಾಕಾನ ಒಂದು ಫೈಬರ್ ಶೆಡ್ಡಿದೆ. ಅವರ ಮಗ, ಅಂದ್ರೆ ನನ್ನ ತಮ್ಮ, ಅದನ್ನ ದೊಡ್ಡದು ಮಾಡ್ತೀನಿ, ನೀನು ಆರು ಲಕ್ಷ ಹಾಕು ಅಂತ ಕೇಳಿದ್ದ. ಮನೆಯ ದುಡ್ಡಿನ ವಿಷಯ. ಕೊಟ್ರೆ ಮುಳುಗಬಹುದು, ಕೊಡದಿದ್ರೆ ಸಂಬಂಧ ಹಳಸಬಹುದು. ಎಕ್ಸೆಲ್ ಶೀಟಿನಲ್ಲಿ ಉತ್ತರ ಸಿಗಲಿಲ್ಲ. ಉತ್ತರ ಸಿಕ್ಕಿದ್ದು ಇಂಗ್ಲೆಂಡಿನ ಒಂದು ಪುಟ್ಟ ಕಾರಿನ ಕಥೆಯಲ್ಲಿ. ಅದನ್ನೇ ಹೇಳ್ತೀನಿ, ಕೇಳಿ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿಗೆ ವಿದೇಶಿ ದುಡ್ಡು ಬೇಕಾಗಿತ್ತು. ತಯಾರಾದ ಕಾರುಗಳಲ್ಲಿ ಬಹಳಷ್ಟು ಹಡಗು ಹತ್ತಿ ಹೊರಗೆ ಹೋಗ್ತಿದ್ದವು. ಊರಿನ ಜನಕ್ಕೆ ಹೊಸ ಕಾರು ಸಿಗೋದೇ ಕಷ್ಟ, ಸಿಕ್ಕರೂ ಅದರ ಮೇಲೆ ಪರ್ಚೇಸ್ ಟ್ಯಾಕ್ಸ್ ಅನ್ನೋ ಭಾರೀ ತೆರಿಗೆ. ಆದ್ರೆ ಆ ತೆರಿಗೆ ಇದ್ದದ್ದು ಪೂರ್ತಿ ತಯಾರಾದ ಕಾರಿಗೆ. ಬಿಡಿಭಾಗ ತಂದು ನೀವೇ ಜೋಡಿಸಿಕೊಂಡ್ರೆ ಆ ತೆರಿಗೆ ಇಲ್ಲ. ಸಣ್ಣ ಸಣ್ಣ ಕಂಪನಿಗಳು ಈ ಸಂದಿಯಲ್ಲೇ ಹುಟ್ಟಿದವು. ಕಾಲಿನ್ ಚಾಪ್‌ಮನ್ ಅನ್ನೋ ಎಂಜಿನಿಯರ್ ಕಟ್ಟಿದ ಲೋಟಸ್ ಕಂಪನಿ 1957ರಲ್ಲಿ 'ಸೆವೆನ್' ಅನ್ನೋ ಕಾರು ತಂತು, ಅದನ್ನ ಕಿಟ್ಟಾಗಿಯೂ ಮಾರ್ತು. ಇದರ ಬಗ್ಗೆ ಒಂದು ಮಜವಾದ ಮಾತಿದೆ. ಕಿಟ್ಟಿನ ಜೊತೆ 'ಜೋಡಿಸುವ ವಿಧಾನ' ಕೊಟ್ಟರೆ ತೆರಿಗೆ ಬೀಳ್ತಿತ್ತಂತೆ. ಅದಕ್ಕೆ ಕಂಪನಿಯವರು 'ಬಿಚ್ಚುವ ವಿಧಾನ' ಅಂತ ಅಚ್ಚು ಹಾಕಿ ಕೊಡ್ತಿದ್ದರಂತೆ, ಜನ ಅದನ್ನ ಕೊನೆಯಿಂದ ಮೊದಲಿಗೆ ಓದಿಕೊಳ್ತಿದ್ದರಂತೆ. 1973ರಲ್ಲಿ ವ್ಯಾಟ್ ಬಂದು ಪರ್ಚೇಸ್ ಟ್ಯಾಕ್ಸ್ ಹೋಯ್ತು, ಕಿಟ್ಟಿನ ಲಾಭವೂ ಹೋಯ್ತು. ಅದೇ ವರ್ಷ ಲೋಟಸ್ ತನ್ನ ಸೆವೆನ್‌ನ ಹಕ್ಕನ್ನ ಕೇಟರ್‌ಹ್ಯಾಮ್ ಅನ್ನೋ ಕಂಪನಿಗೆ ಕೊಟ್ಟುಬಿಡ್ತು. ಆ ಕಾರು ಇವತ್ತಿಗೂ ಕಿಟ್ಟಿನಲ್ಲಿ ಸಿಗುತ್ತೆ.

ಚಾಸಿ, ಎಂಜಿನ್ನು ಹೇಗೋ ಸಿಗುತ್ತೆ, ಹಳೇ ಆಸ್ಟಿನ್ನೋ ಫೋರ್ಡೋ ಬಿಚ್ಚಿದರಾಯ್ತು. ಬಾಡಿ ಎಲ್ಲಿಂದ ತರೋದು? ತಗಡಿನ ಬಾಡಿ ಮಾಡಬೇಕಂದ್ರೆ ದೊಡ್ಡ ಪ್ರೆಸ್ಸು ಬೇಕು, ಪ್ರತಿ ಭಾಗಕ್ಕೂ ಉಕ್ಕಿನ ಡೈ ಬೇಕು. ಅದಕ್ಕೆ ಹಾಕೋ ದುಡ್ಡು ವಾಪಸ್ ಬರಬೇಕಂದ್ರೆ ಲಕ್ಷಗಟ್ಟಲೆ ಕಾರು ಮಾರಬೇಕು. ಇನ್ನೂರು ಕಾರು ಮಾಡೋನಿಗೆ ಅದು ಆಗದ ಮಾತು. ಅವನ ಕೈ ಹಿಡಿದಿದ್ದು ಫೈಬರ್‌ಗ್ಲಾಸು.

ಫೈಬರ್ ಕೆಲಸ ಹೇಗೆ ಅಂತ ನಾನು ಪುಸ್ತಕ ಓದಿ ಕಲಿಯಬೇಕಾಗಿರಲಿಲ್ಲ. ಹೈಸ್ಕೂಲಿನ ಬೇಸಿಗೆ ರಜೆಯಲ್ಲಿ ತಿಕೋಟಾದಿಂದ ಟಂಟಂ ಹತ್ತಿ ವಿಜಯಪುರಕ್ಕೆ ಹೋಗಿ ಕಾಕಾನ ಶೆಡ್ಡಿನಲ್ಲಿ ದಿನಗಟ್ಟಲೆ ಕೂತಿರ್ತಿದ್ದೆ. ಮೊದಲು ಅಚ್ಚು. ಅದರ ಒಳಮೈಗೆ ಮೇಣ ತಿಕ್ಕಬೇಕು, ಇಲ್ಲಾಂದ್ರೆ ಮಾಲು ಕಚ್ಚಿಕೊಂಡುಬಿಡುತ್ತೆ. ಆಮೇಲೆ ಬಣ್ಣ ಬೆರೆಸಿದ ಜೆಲ್‌ಕೋಟ್ ಬಳಿಯಬೇಕು. ನಾಳೆ ಹೊರಗೆ ಕಾಣೋ ಹೊಳಪು ಅದೇ. ಅದು ಅಂಟು ಹಿಡಿದ ಮೇಲೆ ಗಾಜಿನ ಎಳೆಯ ಮ್ಯಾಟ್ ಹಾಸಿ, ರೆಸಿನ್ನಿನಲ್ಲಿ ತೋಯಿಸಿ, ರೋಲರ್‌ನಿಂದ ಒತ್ತಿ ಒತ್ತಿ ಗಾಳಿ ಗುಳ್ಳೆ ತೆಗೀಬೇಕು. ಮತ್ತೊಂದು ಮ್ಯಾಟ್, ಮತ್ತೆ ರೆಸಿನ್ನು. ಗಟ್ಟಿಯಾದ ಮೇಲೆ ಅಚ್ಚಿನಿಂದ ಬಿಡಿಸಿದರೆ ಮುಗೀತು. ಅಚ್ಚು ಬಿಟ್ರೆ ಬಂಡವಾಳ ಅಂದ್ರೆ ಒಂದು ಬಕೆಟ್ಟು, ಒಂದು ಬ್ರಷ್ಷು, ಒಂದು ರೋಲರ್.

ಕೇಳೋಕೆ ಸುಲಭ, ಕೈಗೆ ಕಷ್ಟ. ರೆಸಿನ್ನಿಗೆ ಕೋಬಾಲ್ಟು ಮತ್ತು ಹಾರ್ಡ್‌ನರ್ ಅಂತ ಎರಡು ಬೆರೆಸ್ತಾರೆ. ಅವೆರಡನ್ನ ಯಾವತ್ತೂ ನೇರವಾಗಿ ಒಂದಕ್ಕೊಂದು ಸುರಿಯಬಾರದು, ಸಿಡಿದುಬಿಡುತ್ತೆ. ಕೋಬಾಲ್ಟನ್ನ ಮೊದಲೇ ರೆಸಿನ್ನಿನಲ್ಲಿ ಬೆರೆಸಿಟ್ಟು, ಕೆಲಸ ಶುರು ಮಾಡೋ ಹೊತ್ತಿಗೆ ಹಾರ್ಡ್‌ನರ್ ಹಾಕ್ತಾರೆ. ಎಷ್ಟು ಹಾಕಬೇಕು ಅನ್ನೋದು ಹವೆ ಮೇಲೆ ಹೋಗುತ್ತೆ. "ನಮ್ಮೂರ ಬ್ಯಾಸಿಗ್ಯಾಗ ಡಬ್ಬಿ ಮ್ಯಾಲ ಬರ್ದಷ್ಟು ಹಾಕಿದಿ ಅಂದ್ರ ಬಕೆಟ್ಟಿನ್ಯಾಗ ಕಲ್ಲಾಗ್ತದ ತಮ್ಮಾ" ಅಂತಿದ್ದರು ಕಾಕಾ. ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನ ಅವರು ರೆಸಿನ್ನು ಮುಟ್ಟುತ್ತಿರಲಿಲ್ಲ. ನಸುಕಿನಲ್ಲೇ ಎದ್ದು ಕೆಲಸ ಮುಗಿಸ್ತಿದ್ದರು.

ಅವರು ಕಲಿಸಿದ ಇನ್ನೊಂದು ಪಾಠ ಆಕಾರದ್ದು. ಫೈಬರ್ ಹಾಳೆ ಚಪ್ಪಟೆಯಾಗಿದ್ರೆ ಹಪ್ಪಳದ ಹಾಗೆ ಅಲ್ಲಾಡುತ್ತೆ. ಅದನ್ನೇ ಸ್ವಲ್ಪ ಗುಮ್ಮಟದ ಹಾಗೆ ಉಬ್ಬಿಸಿದ್ರೆ ಮೇಲೆ ನಿಂತರೂ ಜಗ್ಗಲ್ಲ. "ಗೋಳಗುಮ್ಮಟ ನೋಡಿಲ್ಲೇನು? ನಡುವ ಒಂದು ಕಂಬ ಅದೇನು ಅದಕ್ಕ?" ಅನ್ನೋರು. ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟ 17ನೇ ಶತಮಾನದಿಂದ ನಡುಗಂಬವಿಲ್ಲದೆ ನಿಂತಿದೆ. ಅದು ಕಲ್ಲು ಗಾರೆ, ದಪ್ಪನೆಯ ಗೋಡೆ ಮೇಲೆ ಕೂತದ್ದು, ಲೆಕ್ಕ ಬೇರೆ. ಆದ್ರೂ ಬಾಗಿದ ಮೈ ಭಾರವನ್ನ ಹಂಚಿಕೊಳ್ಳುತ್ತೆ ಅನ್ನೋ ಮಾತು ಎರಡಕ್ಕೂ ಸೇರಿದ್ದು. ಹಳೇ ಫೈಬರ್ ಕಾರುಗಳ ಫೋಟೋ ನೋಡಿದ್ರೆ ಮೂಲೆ ಮೂಲೆಗೂ ಗುಂಡಗೆ ಉಬ್ಬಿರ್ತವೆ. ಚಂದಕ್ಕೆ ಮಾತ್ರ ಅಲ್ಲ ಅದು.

ಈಗ ನಮ್ಮ ಕಥೆಯ ಕಾರಿಗೆ ಬರ್ತೀನಿ. ಇಂಗ್ಲೆಂಡಿನ ಟ್ಯಾಮ್‌ವರ್ತ್ ಅನ್ನೋ ಊರಲ್ಲಿ ಟಾಮ್ ವಿಲಿಯಮ್ಸ್ ಅನ್ನೋನು 1935ರಲ್ಲಿ ಒಂದು ಮೂರು ಚಕ್ರದ ಗಾಡಿ ಮಾಡಿ ರಿಲಯಂಟ್ ಅಂತ ಕಂಪನಿ ಶುರು ಮಾಡಿದ. (ನಮ್ಮ ಅಂಬಾನಿಯವರ ರಿಲಯನ್ಸ್ ಅಲ್ಲ, ಗಡಿಬಿಡಿಯಲ್ಲಿ ಓದಬೇಡಿ.) ಬ್ರಿಟನ್ನಿನ ಆಗಿನ ಕಾನೂನಿನಲ್ಲಿ ಸುಮಾರು ನಾಲ್ಕು ಕ್ವಿಂಟಾಲಿನ ಒಳಗಿರೋ ಮೂರು ಚಕ್ರದ ಗಾಡಿಗೆ ಮೋಟರ್‌ಸೈಕಲ್ಲಿನ ತೆರಿಗೆ, ಮೋಟರ್‌ಸೈಕಲ್ಲಿನ ಲೈಸೆನ್ಸೇ ಸಾಕಾಗಿತ್ತು. ತೂಕ ಇಳಿಸಲೇಬೇಕು. ಹಾಗಾಗಿ 1950ರ ದಶಕದಲ್ಲಿ ರಿಲಯಂಟ್ ತಗಡು ಬಿಟ್ಟು ಫೈಬರ್ ಬಾಡಿಗೆ ಬಂತು. 1960ರ ದಶಕದ ಶುರುವಿನಲ್ಲಿ ಪೂರ್ತಿ ಅಲ್ಯುಮಿನಿಯಮ್ಮಿನ ಪುಟ್ಟ ಎಂಜಿನ್ನನ್ನೂ ತಾನೇ ಮಾಡಿಕೊಂಡಿತು. 1973ರಲ್ಲಿ 'ರಾಬಿನ್' ಅನ್ನೋ ಮೂರು ಚಕ್ರದ ಕಾರು ಬಂತು. ಬ್ರಿಟಿಷ್ ಕಾಮಿಡಿ ನೋಡೋರು ರಿಲಯಂಟಿನ ಮೂರು ಚಕ್ರದ ಗಾಡಿ ಪಲ್ಟಿ ಹೊಡೆಯೋದನ್ನ ನೋಡಿರ್ತೀರಿ. 1975ರಲ್ಲಿ ರಾಬಿನ್‌ಗೆ ನಾಲ್ಕನೇ ಚಕ್ರ ಕೊಟ್ಟು 'ಕಿಟನ್' ಅಂತ ಹೆಸರಿಟ್ಟರು. ಬೆಕ್ಕಿನಮರಿ. 848 ಸಿಸಿ ಎಂಜಿನ್ನು, ಎರಡು ಬಾಗಿಲು, ಫೈಬರ್ ಮೈ, ತೂಕ ಐದು ಕ್ವಿಂಟಾಲಿಗೆ ಸ್ವಲ್ಪ ಮೇಲೆ. ತುಕ್ಕು ಹಿಡಿಯಲ್ಲ, ಪೆಟ್ರೋಲ್ ಕಡಿಮೆ ಕುಡಿಯುತ್ತೆ. ಆದ್ರೆ ಅಲ್ಲಿನ ಪೇಟೆಯಲ್ಲಿ ತಗಡಿನ 'ಮಿನಿ'ಯ ಎದುರು ಅದು ನಿಲ್ಲಲಿಲ್ಲ.

ಕಿಟನ್ ಕಾರ್ಖಾನೆಯಲ್ಲೇ ಪೂರ್ತಿ ತಯಾರಾಗಿ ಬರೋ ಕಾರು, ಕಿಟ್ಟಲ್ಲ. ಆದ್ರೆ ಬೇರೆ ಒಂದು ಅರ್ಥದಲ್ಲಿ ರಿಲಯಂಟ್ ಕಿಟ್ ಮಾರೋ ಕಂಪನಿಯೇ. ಮನುಷ್ಯರಿಗೆ ಅಷ್ಟೇ ಅಲ್ಲ, ದೇಶಗಳಿಗೂ ಮಾರ್ತು. ಕಾರಿನ ಕಾರ್ಖಾನೆಯೇ ಇಲ್ಲದ ದೇಶಕ್ಕೆ ಉಕ್ಕಿನ ಪ್ರೆಸ್ಸು ಹಾಕೋ ತಾಕತ್ತಿರಲ್ಲ. ಅಂಥವರಿಗೆ ರಿಲಯಂಟ್ ವಿನ್ಯಾಸ, ಅಚ್ಚು, ಕೆಲಸದ ವಿದ್ಯೆ ಎಲ್ಲ ಒಟ್ಟಿಗೆ ಕೊಡ್ತಿತ್ತು. ಇಸ್ರೇಲಿನ ಹೈಫಾದಲ್ಲಿ ಆಟೊಕಾರ್ಸ್ ಕಂಪನಿಯ 'ಸುಸಿತಾ' ಹೀಗೆ ಬಂತು. ಟರ್ಕಿಯಲ್ಲಿ ಒಟೊಸಾನ್ ಕಂಪನಿ 1966ರಲ್ಲಿ ಶುರು ಮಾಡಿದ 'ಅನಡೋಲ್' ಹೀಗೆ ಬಂತು. ಎರಡೂ ದೇಶದಲ್ಲಿ ಒಂದೇ ನಗೆಚಾಟಿಕೆ ಹಬ್ಬಿತ್ತು: ಇಸ್ರೇಲಿನಲ್ಲಿ ಒಂಟೆ ಕಾರು ತಿಂದು ಹಾಕ್ತು ಅಂತ, ಟರ್ಕಿಯಲ್ಲಿ ದನ ತಿಂದು ಹಾಕ್ತು ಅಂತ. ಗಾಜಿನ ಎಳೆ ಯಾವ ದನವೂ ತಿನ್ನಲ್ಲ ಬಿಡಿ. ಜನರಿಗೆ ತಗಡಲ್ಲದ ಕಾರಿನ ಮೇಲೆ ನಂಬಿಕೆ ಕಡಿಮೆ, ಅಷ್ಟೇ. ಆದ್ರೂ ಟರ್ಕಿಯವರು ಅನಡೋಲನ್ನ ತಮ್ಮ ಮೊದಲ ಸ್ವಂತ ಕಾರು ಅಂತ ಇವತ್ತಿಗೂ ಪ್ರೀತಿಯಿಂದ ನೆನೆಸ್ತಾರೆ.

ಇದೇ ಸಾಲಿನಲ್ಲಿ ನಮ್ಮ ಬೆಂಗಳೂರೂ ಇದೆ ಅಂದ್ರೆ ನಂಬ್ತೀರಾ? ನಾನೂ ಹದಿನಾಲ್ಕು ವರ್ಷ ಬೆಂಗಳೂರಲ್ಲಿದ್ದು ಒಮ್ಮೆಯೂ ಕೇಳಿರಲಿಲ್ಲ. 1970ರ ದಶಕದಲ್ಲಿ ಇಲ್ಲಿ ಸನ್‌ರೈಸ್ ಅನ್ನೋ ಕಂಪನಿ 'ಬಾದಲ್' ಅಂತ ಮೂರು ಚಕ್ರದ ಫೈಬರ್ ಕಾರು ಮಾಡ್ತಿತ್ತು, ಎಂಜಿನ್ನು ಹಿಂದೆ. ಆಮೇಲೆ ಅದೇ ಕಂಪನಿ ಸಿಪಾನಿ ಆಟೊಮೊಬೈಲ್ಸ್ ಅಂತ ಹೆಸರಾಯ್ತು. ಆಗ ದೇಶದಲ್ಲಿ ಸಿಗ್ತಿದ್ದದ್ದು ಮುಖ್ಯವಾಗಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ. ಯಾರು ಏನು ಮಾಡಬೇಕು, ಎಷ್ಟು ಮಾಡಬೇಕು ಅಂತ ದಿಲ್ಲಿ ಲೈಸೆನ್ಸ್ ಕೊಡ್ತಿದ್ದ ಕಾಲ. ಕಾರು ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕು. ಅಂಥ ಹೊತ್ತಲ್ಲಿ ಸಿಪಾನಿಯವರು ರಿಲಯಂಟ್ ಜೊತೆ ಮಾತಾಡಿ ಕಿಟನ್ನನ್ನ ಬೆಂಗಳೂರಿಗೆ ತಂದರು. 1982ರಲ್ಲಿ ಅದು 'ಡಾಲ್ಫಿನ್' ಅನ್ನೋ ಹೆಸರಲ್ಲಿ ರಸ್ತೆಗಿಳೀತು. ಇಂಗ್ಲೆಂಡಿನಲ್ಲಿ ಕಿಟನ್ ತಯಾರಿ ನಿಂತದ್ದೂ ಅದೇ ವರ್ಷ. ಬೆಕ್ಕಿನಮರಿ ಅಲ್ಲಿ ಕಣ್ಣು ಮುಚ್ಚಿ ಇಲ್ಲಿ ಮೀನಾಗಿ ಹುಟ್ಟಿತು. (ಡಾಲ್ಫಿನ್ ಮೀನಲ್ಲ ಅಂತ ಯಾರಾದ್ರೂ ಕಮೆಂಟ್ ಹಾಕ್ತೀರಿ, ಗೊತ್ತು.)

ಆ ಡಾಲ್ಫಿನ್ನುಗಳಲ್ಲಿ ಒಂದು ನಮ್ಮ ವಿಜಯಪುರಕ್ಕೆ ಬಂದಿತ್ತು. ಆಗಿನ್ನೂ ಬಿಜಾಪುರ. ಊರಿನ ಒಬ್ಬ ಡಾಕ್ಟರು ತಂದಿದ್ದರು. 1980ರ ದಶಕ ಮುಗೀತಾ ಬಂದಿತ್ತು, ನಾನಿನ್ನೂ ಹುಟ್ಟಿರಲಿಲ್ಲ. ಕಾಕಾ ಆಗ ಒಂದು ಗ್ಯಾರೇಜಿನಲ್ಲಿ ಡೆಂಟಿಂಗ್ ಕೆಲಸಕ್ಕಿದ್ದರು. ಒಂದು ದಿನ ಆ ಕಾರಿನ ಮುಂದಿನ ಬಲಗಡೆ ಮೂಲೆಗೆ ಟಾಂಗಾ ತಾಗಿ ಒಡೀತು. ನಗ್ಗಲಿಲ್ಲ, ಒಡೀತು. ಗ್ಯಾರೇಜಿನ ಹಿರಿಯ ಮಿಸ್ತ್ರಿ ಸುತ್ತಿಗೆ ಹಿಡಿದು ಬಂದವನು ಕಾರನ್ನ ಎರಡು ಸಲ ಬೆರಳಿಂದ ಬಡಿದು, "ಇದು ಕಾರಲ್ಲಪಾ, ಬಕೆಟ್" ಅಂದು ಹೊರಟೇಬಿಟ್ಟನಂತೆ. ಬೆಂಗಳೂರಿಂದ ಭಾಗ ತರಿಸೋಕೆ ವಾರಗಟ್ಟಲೆ ಬೇಕು. ಕಾಕಾ ಮಾತ್ರ ಆ ಒಡೆದ ಅಂಚನ್ನ ನೋಡ್ತಾ ಕೂತರು. ಒಳಗೆ ಸೀರೆಯ ಎಳೆ ಹಾಗೆ ಏನೋ ಕಾಣ್ತಿತ್ತು.

ಸೊಲ್ಲಾಪುರಕ್ಕೆ ಹೋಗಿ ವಿಚಾರಿಸಿದರು, ಅಲ್ಲಿಂದ ಪುಣೆಗೆ ಹೋಗಿ ಮ್ಯಾಟು, ರೆಸಿನ್ನು ತಂದರು. ಎಡಗಡೆ ಮೂಲೆ ಪೂರ್ತಿ ಇತ್ತಲ್ಲ, ಅದನ್ನ ನೋಡಿ ನೋಡಿ ಬಲಗಡೆಯದಕ್ಕೆ ಮಣ್ಣು, ಪ್ಲಾಸ್ಟರಿನಲ್ಲಿ ಆಕಾರ ತಿದ್ದಿದರು. ಎರಡು ಸಲ ಕೆಟ್ಟಿತು. ಮೂರನೇ ಸಲ ಸರಿ ಬಂತು. ಡಾಕ್ಟರು ಕೊಟ್ಟ ದುಡ್ಡಿಗಿಂತ ಖರ್ಚೇ ಹೆಚ್ಚಾಯ್ತು ಅಂತ ಕಾಕು ಇವತ್ತಿಗೂ ಆಡಿಕೊಳ್ತಾರೆ. ಆದ್ರೆ ಜಿಲ್ಲೆಯಲ್ಲಿ ಫೈಬರ್ ಒಡೆದ್ರೆ ಹೋಗಬೇಕಾದ ಜಾಗ ಯಾವುದು ಅಂತ ಆವತ್ತಿನಿಂದ ಜನಕ್ಕೆ ಗೊತ್ತಾಯ್ತು. ಟ್ರ್ಯಾಕ್ಟರಿನ ಟಾಪು, ಕೂಲರಿನ ಬಾಡಿ, ಅಂಗಡಿ ಬೋರ್ಡು, ಬಾತ್‌ರೂಮಿನ ಬಾಗಿಲು, ನಾಟಕದವರ ಕಿರೀಟ, ಒಮ್ಮೆ ಯಾವುದೋ ಶಾಲೆಗೆ ಒಂದು ಆನೆ. ಮೂವತ್ತೈದು ವರ್ಷ ಇದೇ ಅನ್ನ ಹಾಕಿದೆ. ನನ್ನ ಬಿಇ ಮೊದಲ ವರ್ಷದ ಫೀಸಿನಲ್ಲಿ ಅರ್ಧ ಕಟ್ಟಿದ್ದೂ ಇದೇ ಶೆಡ್ಡು. ಇಂಗ್ಲೆಂಡಿನ ಒಂದು ಸೋತ ಕಾರು ಬಿಜಾಪುರದ ಒಬ್ಬ ಡೆಂಟಿಂಗ್ ಹುಡುಗನಿಗೆ ಕಸುಬು ಕೊಟ್ಟು ಹೋಯ್ತು.

ಕೆಟ್ಟ ಆ ಎರಡು ಮೂಲೆಗಳಲ್ಲಿ ಒಂದು ಬಬಲೇಶ್ವರದಲ್ಲಿ ನಮ್ಮ ಅತ್ತಿಯ ಹೊಲದಲ್ಲಿದೆ. ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬಿಗೆ ಮಳೆ ಬೀಳಬಾರದು ಅಂತ ಮುಚ್ಚಿಟ್ಟಿದ್ದಾರೆ. ಹೋದ ಸಲ ಹೋದಾಗ ನೋಡಿದೆ. ಮೇಲಿನ ಬಣ್ಣ ಬಿಸಿಲಿಗೆ ಸುಣ್ಣದ ಹಾಗೆ ಕೈಗೆ ಹತ್ತುತ್ತೆ, ಮೈ ಮಾತ್ರ ಗಟ್ಟಿ. ಅದರ ಕೆಳಗಿನ ಕಬ್ಬಿಣದ ಡಬ್ಬಿಯನ್ನ ಅತ್ತಿ ಮೂರು ಸಲ ಬದಲಾಯಿಸಿದ್ದಾರಂತೆ. ಗುಜರಿಯವನಿಗೆ ಕೊಡೋಣ ಅಂದ್ರೆ ಅವನು ಮುಟ್ಟಲ್ಲ. ಫೈಬರನ್ನ ಕರಗಿಸಿ ಮತ್ತೆ ಎರಕ ಹೊಯ್ಯೋಕೆ ಬರಲ್ಲ, ಅದಕ್ಕೆ ತೂಕದ ಬೆಲೆ ಇಲ್ಲ. ಇದು ಈ ವಸ್ತುವಿನ ಒಳ್ಳೇ ಗುಣವೂ ಹೌದು, ಕೆಟ್ಟ ಗುಣವೂ ಹೌದು.

ಡಾಲ್ಫಿನ್ ಏನಾಯ್ತು? ಅದು ರಸ್ತೆಗೆ ಬಂದ ಮರುವರ್ಷ, 1983ರ ಡಿಸೆಂಬರ್ 14ರಂದು, ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಕೈ ಕೊಟ್ಟರು. ಜಪಾನಿನ ಸುಜುಕಿಯ ತಂತ್ರಜ್ಞಾನ, ಸರ್ಕಾರದ ಬೆಂಬಲ, ದೊಡ್ಡ ಪ್ರೆಸ್ಸು, ತಗಡಿನ ಮೈ, ಬೆಲೆ 50 ಸಾವಿರದ ಆಸುಪಾಸು. ಡಾಲ್ಫಿನ್ ಹಗುರ ಅಂತ ರ‍್ಯಾಲಿ ಓಡಿಸೋರು ಅದನ್ನ ಇಷ್ಟಪಟ್ಟಿದ್ದರು. ಆದ್ರೆ ಮನೆ ಮಂದಿ ಮಾರುತಿ ಕಡೆ ಹೋದರು. ಸಿಪಾನಿಯವರು ಡಾಲ್ಫಿನ್ನಿಗೆ ಇನ್ನೆರಡು ಬಾಗಿಲು ಸೇರಿಸಿ 'ಮೊಂಟಾನಾ' ಮಾಡಿದರು, ಅದರಲ್ಲಿ ಡೀಸೆಲ್ಲೂ ತಂದರು. 1990ರ ದಶಕದಲ್ಲಿ ಬ್ರಿಟನ್ನಿನ ರೋವರ್ ಮೊಂಟೆಗೊ ಕಾರನ್ನ ಬಿಡಿಭಾಗ ತರಿಸಿ ಇಲ್ಲಿ ಜೋಡಿಸಿದರು. ಯಾವುದೂ ಕಂಪನಿಯನ್ನ ಉಳಿಸಲಿಲ್ಲ.

ಇಲ್ಲಿಗೆ ಬಂದಾಗ ನನ್ನ ಎಕ್ಸೆಲ್ ಶೀಟಿಗೆ ಬೇಕಾಗಿದ್ದ ಸೂತ್ರ ಸಿಕ್ಕಿತು. ತಗಡಿನ ಡೈಗೆ ಮೊದಲ ದಿನದ ಖರ್ಚು ಬೆಟ್ಟದಷ್ಟು, ಆಮೇಲೆ ಒಂದೊಂದು ಬಾಡಿಗೆ ತಗಲೋದು ಚಿಲ್ಲರೆ. ಫೈಬರಿನದು ಉಲ್ಟಾ. ಮೊದಲ ಖರ್ಚು ಕಡಿಮೆ, ಆದ್ರೆ ಒಂದೊಂದು ಬಾಡಿಗೂ ಅಷ್ಟೇ ಕೈಕೆಲಸ, ಅಷ್ಟೇ ಹೊತ್ತು. ನೂರನೆಯದು ಮೊದಲನೆಯದಕ್ಕಿಂತ ಬಹಳ ಅಗ್ಗ ಆಗಲ್ಲ. ಒಂದು ಅಚ್ಚಿನಿಂದ ದಿನಕ್ಕೆ ಒಂದೋ ಎರಡೋ ಮಾಲು. ಹಾಗಾಗಿ ಸಣ್ಣ ಸಂಖ್ಯೆಯಲ್ಲಿ ಫೈಬರ್ ಗೆಲ್ಲುತ್ತೆ, ದೊಡ್ಡ ಸಂಖ್ಯೆಯಲ್ಲಿ ಸೋಲುತ್ತೆ. ಲೋಟಸ್ ಉಳಿದದ್ದು ಎಲ್ಲರಿಗೂ ಬೇಕಾದ ಕಾರು ಮಾಡೋಕೆ ಹೋಗದೆ ಇದ್ದದ್ದಕ್ಕೆ. ಕಿಟನ್ 'ಮಿನಿ' ಎದುರು, ಡಾಲ್ಫಿನ್ ಮಾರುತಿ ಎದುರು ಸೋತದ್ದು ಎಲ್ಲರಿಗೂ ಬೇಕಾದ ಕಾರು ಆಗೋಕೆ ಹೋದದ್ದಕ್ಕೆ. ಡಾಲ್ಫಿನ್ ಕೆಟ್ಟ ಕಾರೇನಾಗಿರಲಿಲ್ಲ. ಅದು ನಿಂತ ಜಾಗ ಅದರದ್ದಾಗಿರಲಿಲ್ಲ.

ಬೆಂಗಳೂರಿನಲ್ಲೇ ಇದರ ಇನ್ನೊಂದು ಮುಖ ಇದೆ. 2001ರಲ್ಲಿ ಚೇತನ್ ಮೈನಿ ಅವರ ತಂಡ 'ರೇವಾ' ಅನ್ನೋ ಎಲೆಕ್ಟ್ರಿಕ್ ಕಾರು ತಂತು. ಒಳಗೆ ಉಕ್ಕಿನ ಚೌಕಟ್ಟು, ಮೇಲೆ ಪ್ಲಾಸ್ಟಿಕ್ ಹೊದಿಕೆ. ಅವರೂ ತಗಡಿನ ಪ್ರೆಸ್ಸಿನ ದಾರಿ ಹಿಡಿಯಲಿಲ್ಲ. ಆ ಕಾರು 'ಜಿ-ವಿಜ್' ಅನ್ನೋ ಹೆಸರಲ್ಲಿ ಲಂಡನ್ನಿನ ರಸ್ತೆಗಳಲ್ಲಿ ಓಡಾಡ್ತು. ಪ್ಲಾಸ್ಟಿಕ್ ಮೈಯ ಕಾರು ಇಂಗ್ಲೆಂಡಿಂದ ಬಂದ ದಾರಿಯಲ್ಲೇ ವಾಪಸ್ ಹೋಯ್ತು ಅಂತ ಓದಿ ನನಗೆ ಖುಷಿಯಾಯ್ತು. ಅದೂ ಸಣ್ಣ ಸಂಖ್ಯೆಯ ಕಥೆಯೇ.

ಈಗ ತಮ್ಮನ ಪ್ಲಾನ್ ಕೇಳಿ. ಅವನು ಡಿಪ್ಲೊಮಾ ಮಾಡಿದಾನೆ, ಕೈ ಚುರುಕು. ಒಟ್ಟು ಹನ್ನೆರಡು ಲಕ್ಷದ ಯೋಜನೆ. ಆರು ಬ್ಯಾಂಕಿಂದ, ಆರು ನನ್ನಿಂದ. ಮಾಡೋದು ಎರಡು: ಫೈಬರ್ ನೀರಿನ ಟ್ಯಾಂಕು, ಮತ್ತೆ ಇ-ರಿಕ್ಷಾದ ಬಾಡಿ. ಫೋನಿನಲ್ಲಿ ಅವನ ಹುರುಪು ಕೇಳಿದ್ರೆ ಯಾರಿಗಾದ್ರೂ ಕೊಟ್ಟುಬಿಡೋಣ ಅನ್ನಿಸುತ್ತೆ. ನನಗೂ ಹಾಗೇ ಅನ್ನಿಸಿತ್ತು. ನನ್ನ ಹೆಂಡತಿ ಮಾತ್ರ, "ಹೋಮ್‌ಲೋನ್ ಇನ್ನೂ ಹದಿನೇಳು ವರ್ಷ ಇದೆ, ಒಂದ್ಸಲ ಹೋಗಿ ಕೂತು ಮಾತಾಡಿ ಬಾ" ಅಂದಳು.

ಹೋದೆ. ಶೆಡ್ಡಿನ ಹೊರಗೆ ಬೇವಿನ ಮರದ ಕೆಳಗೆ ಮೂವರೂ ಕೂತೆವು. ಡಾಲ್ಫಿನ್ನಿನ ಕಥೆ ಪೂರ್ತಿ ಹೇಳಿದೆ. ಆಮೇಲೆ ಟ್ಯಾಂಕಿನ ಮಾತಿಗೆ ಬಂದೆ. ಪೇಟೆಯಲ್ಲಿ ಸಿಗೋ ಕಪ್ಪು, ಬಿಳಿ ಟ್ಯಾಂಕುಗಳನ್ನ ಪ್ಲಾಸ್ಟಿಕ್ ಪುಡಿ ಅಚ್ಚಿಗೆ ಸುರಿದು, ಬಿಸಿ ಮಾಡ್ತಾ ತಿರುಗಿಸಿ ಮಾಡ್ತಾರೆ. ಮಷಿನ್ನು ಹಗಲೂ ರಾತ್ರಿ ಉದುರಿಸುತ್ತೆ. ಪ್ರತಿ ಮನೆಗೂ ಬೇಕಾದ, ಒಂದೇ ಅಳತೆಯ ಮಾಲು. "ತಮ್ಮಾ, ಟ್ಯಾಂಕ್ ಅಂದ್ರ ಮಾರುತಿ. ಅದರ ಎದುರು ನಿಂದ್ರಬ್ಯಾಡ" ಅಂದೆ.

"ಹಂಗಾದ್ರ ರಿಕ್ಷಾ ಬಾಡಿ?" ಅಂದ.

ಬ್ರಿಟನ್ನಿನಲ್ಲಿ ಒಬ್ಬೊಬ್ಬರು ಕಟ್ಟಿದ ಒಂದೊಂದು ಕಾರಿಗೂ ಪ್ರತ್ಯೇಕ ತಪಾಸಣೆ ಮಾಡಿ ನಂಬರ್ ಕೊಡೋ ವ್ಯವಸ್ಥೆ ಇದೆ. ನಮ್ಮಲ್ಲಿ ಹಾಗಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಗಾಡಿ ತಯಾರಿಸೋನು ಮೊದಲು ಮಾದರಿ ಗಾಡಿಯನ್ನ ಪುಣೆಯ ಎಆರ್‌ಎಐ ಥರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ ಒಪ್ಪಿಗೆ ಪಡೀಬೇಕು. ಒಪ್ಪಿಗೆ ಆದ ಗಾಡಿಯ ರೂಪ ಮನಸ್ಸಿಗೆ ಬಂದ ಹಾಗೆ ಬದಲಾಯಿಸೋ ಹಾಗಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ರಸ್ತೆ ಮೇಲೆ ಬೇರೆಯವರ ಜೀವದ ಪ್ರಶ್ನೆ, ನಿಯಮ ಇರಬೇಕಾದದ್ದೇ. ಆದ್ರೆ ಶೆಡ್ಡಿನಲ್ಲಿ ಕೂತು ರಿಕ್ಷಾ ಬಾಡಿ ಮಾಡಿ ಸೀದಾ ಗಿರಾಕಿಗೆ ಮಾರ್ತೀನಿ ಅನ್ನೋದು ನಡೆಯಲ್ಲ. ಒಪ್ಪಿಗೆ ಇರೋ ಕಂಪನಿಯೇ ಬಂದು ನಮ್ಮ ಗಾಡಿಗೆ ಭಾಗ ಮಾಡಿಕೊಡು ಅಂತ ಕೇಳಿದ್ರೆ ಬೇರೆ ಮಾತು.

ತಮ್ಮ ಸುಮ್ಮನಾದ. ಅವನ ಮುಖ ನೋಡಿ ನನಗೂ ಕಷ್ಟ ಆಯ್ತು. ಊರು ಬಿಟ್ಟು ಹೋದ ಅಣ್ಣ ವರ್ಷಕ್ಕೊಮ್ಮೆ ಬಂದು ಇದು ಆಗಲ್ಲ, ಅದು ಆಗಲ್ಲ ಅಂತ ಹೇಳಿ ಹೋದ್ರೆ ಯಾರಿಗೆ ಸೇರುತ್ತೆ? ಕಾಕಾ ಎಲೆ ಅಡಿಕೆ ಹಾಕ್ತಾ ಇದ್ದರು. "ಹಂಗಾದ್ರ ನಮ್ಮ ಲೋಟಸ್ ಯಾವ್ದು? ಅದನ್ನ ಹೇಳು" ಅಂದರು.

ಅದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಮರುದಿನ ತಮ್ಮನ ಬೈಕಿನಲ್ಲಿ ತಿಕೋಟಾಕ್ಕೆ ಹೋದಾಗ ಉತ್ತರ ದಾರಿಯ ಎರಡೂ ಬದಿಯಲ್ಲಿತ್ತು. ನಮ್ಮ ಕಡೆ ದ್ರಾಕ್ಷಿ ಬೆಳೆದು ಬಹಳಷ್ಟನ್ನ ಒಣದ್ರಾಕ್ಷಿ ಮಾಡ್ತಾರೆ. ಫೆಬ್ರವರಿ ಹೊತ್ತಿಗೆ ಕಟಾವು ಶುರುವಾಗುತ್ತೆ. ಗೊಂಚಲುಗಳನ್ನ ಕ್ರೇಟಿನ ಸಮೇತ ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಲ್ಲಿ ಅದ್ದಿ, ಆಮೇಲೆ ಶೆಡ್ಡಿನ ಬಲೆಗಳ ಮೇಲೆ ಹರವ್ತಾರೆ. ಹಣ್ಣಿನ ಮೇಲಿನ ಮೇಣದ ಪದರ ಸಡಿಲಾಗಿ ಬೇಗ ಒಣಗಲಿ ಅಂತ. ಅದ್ದೋ ತೊಟ್ಟಿ ಏನಿರ್ತದೆ? ಕೆಲವರದ್ದು ತಗಡು, ತುಕ್ಕು ಹಿಡಿದದ್ದು. ಕೆಲವರದ್ದು ಕೊಯ್ದ ಡ್ರಮ್ಮು, ಅದರಲ್ಲಿ ಕ್ರೇಟು ನೆಟ್ಟಗೆ ಇಳಿಯಲ್ಲ. ಒಬ್ಬರಿಗೆ ಎರಡು ಕ್ರೇಟು ಹಿಡಿಯೋದು ಬೇಕು, ಇನ್ನೊಬ್ಬರಿಗೆ ನಾಲ್ಕು. ಒಬ್ಬರಿಗೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕೂರಬೇಕು, ಇನ್ನೊಬ್ಬರಿಗೆ ಶೆಡ್ಡಿನ ಮೂಲೆಯಲ್ಲಿ. ದೊಡ್ಡ ಕಂಪನಿಗೆ ಇಂಥ ನಲವತ್ತು ತೊಟ್ಟಿಗೆ ಡೈ ಹಾಕೋದು ಲುಕ್ಸಾನು. ಫೈಬರಿಗೆ ನಲವತ್ತು ಅಂದ್ರೆ ಹಬ್ಬ. ಆರ್‌ಟಿಓ ಕೇಳೋ ಹಾಗೂ ಇಲ್ಲ.

ಎರಡು ದಿನ ತಿಕೋಟಾ, ಬಬಲೇಶ್ವರದ ಕಡೆ ತೋಟ ತೋಟ ತಿರುಗಿದೆವು. ತಮ್ಮ ಟೇಪು ಹಿಡಿದು ಕ್ರೇಟು ಅಳೆದ, ನಾನು ಬರ್ಕೊಂಡೆ. ನಮ್ಮ ಅತ್ತಿಯ ಮೈದುನ ಒಬ್ಬರೇ ಐದು ಮಾಡಿಕೊಡ್ರಿ ಅಂದರು. "ಉದ್ರಿ ಕೇಳಬ್ಯಾಡ್ರಿ" ಅಂದ ತಮ್ಮ. ಅವನ ವ್ಯಾಪಾರದ ಬುದ್ಧಿ ನೋಡಿ ನನಗೆ ಅರ್ಧ ಧೈರ್ಯ ಬಂತು. ತೊಟ್ಟಿಯ ಒಳಮೈಗೆ ತಿನ್ನೋ ಪದಾರ್ಥ ತಾಗುತ್ತಲ್ಲ, ಅದಕ್ಕೆ ಒಪ್ಪೋ ರೆಸಿನ್ನೇ ಬಳಸಬೇಕು, ಪೂರ್ತಿ ಗಟ್ಟಿಯಾಗಿ ವಾಸನೆ ಹೋಗೋವರೆಗೂ ಕೊಡಬಾರದು ಅಂತ ಕಾಕಾ ಮೊದಲೇ ಷರತ್ತು ಹಾಕಿದರು.

ನಾನು ಆರು ಲಕ್ಷ ಕೊಡಲಿಲ್ಲ, ಎರಡು ಲಕ್ಷ ಕೊಟ್ಟೆ. ಬ್ಯಾಂಕಿನ ಸಾಲ ಬೇಡ ಅಂದೆವು. ಆ ದುಡ್ಡಿನಲ್ಲಿ ಎರಡು ಅಳತೆಯ ಅಚ್ಚು, ರೆಸಿನ್ನು, ಮ್ಯಾಟು, ಜೊತೆಗೆ ನನ್ನದೊಂದು ಷರತ್ತು: ಎರಡು ದೊಡ್ಡ ಎಕ್ಸಾಸ್ಟ್ ಫ್ಯಾನು, ಎಲ್ಲರಿಗೂ ಸರಿಯಾದ ಮಾಸ್ಕು, ಕೈಗವಸು. ಕಾಕಾ ಮೂವತ್ತೈದು ವರ್ಷ ಮೂಗಿಗೆ ಟವೆಲ್ ಕಟ್ಟಿಕೊಂಡು ಆ ವಾಸನೆ ಕುಡಿದಿದ್ದಾರೆ. ಗಾಜಿನ ಎಳೆ ಹೊಕ್ಕು ಕೆರೆದು ಕೆ‌ರೆದು ಮೊಣಕೈ ತನಕ ಚರ್ಮ ಒರಟಾಗಿದೆ. ಸಂಜೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂರ್ತಿದ್ದ ಅವರನ್ನ ನಾನು ಹುಡುಗನಾಗಿದ್ದಾಗಿಂದ ನೋಡಿದೀನಿ. ತಮ್ಮನ ಕೈ ಹಾಗಾಗಬಾರದು. ಮಾಸ್ಕಿನ ಬೆಲೆ ಕೇಳಿ ಕಾಕಾ ಗೊಣಗಿದರು, ಆದ್ರೆ ತಮ್ಮ ಅದನ್ನ ಹಾಕಿಕೊಂಡೇ ಕೆಲಸ ಮಾಡ್ತಾನೆ. ವಿಡಿಯೋ ಕಾಲ್ ಮಾಡಿ ನೋಡ್ತೀನಿ.

ಈ ಹಂಗಾಮಿಗೆ ಮೂವತ್ತೆಂಟು ತೊಟ್ಟಿ ಹೋದವು. ದೊಡ್ಡ ಲಾಭವೇನಲ್ಲ. ಇಬ್ಬರು ಕೆಲಸದವರ ಪಗಾರ ಹೋಗಿ ಮನೆ ನಡೆಯೋಷ್ಟು ಉಳೀತು. ಹಂಗಾಮು ಮುಗಿದ ಮೇಲೆ ಏನು ಅನ್ನೋ ಪ್ರಶ್ನೆ ಹಾಗೇ ಇದೆ. ತಮ್ಮ ಈಗ ಟ್ರ್ಯಾಕ್ಟರಿನ ಟಾಪಿಗೆ ಹೊಸ ಅಚ್ಚು ಹಾಕ್ತಾ ಇದಾನೆ. ಯಾವುದಾದ್ರೂ ದೊಡ್ಡ ಕಂಪನಿಯವರು ನಾಳೆ ದ್ರಾಕ್ಷಿ ತೊಟ್ಟಿಯನ್ನೂ ಮಷಿನ್ನಿನಲ್ಲಿ ಉದುರಿಸೋಕೆ ಶುರು ಮಾಡಿದ್ರೆ ಅಂತ ನಾನು ಮೊನ್ನೆ ಫೋನಿನಲ್ಲಿ ಕೇಳಿದೆ.

ಹಿಂದಿಂದ ಕಾಕಾನ ದನಿ ಕೇಳಿಸಿತು: "ಮಾರುತಿ ಬರೂ ಮಟ ನಮ್ಮ ಡಾಲ್ಫಿನ್ ಓಡ್ಲಿ ಬಿಡೋ. ಬಂದ ಮ್ಯಾಲ ಮತ್ತೊಂದು ಡೈ ಹಾಕೂಣು."